ಸಿರಾಜ್ ಯಾರ ಪೈಕಿ? ಅಭಿಮಾನಿಯ ಮನಸ್ಸು ಮತ್ತು ಆಟಗಾರನ ಬೆಲೆ



ಕನ್ನಡದ ದತ್ತಿ ಉಪನ್ಯಾಸಕ್ಕೆ ವಚನವನ್ನೋ ಶಾಸನವನ್ನೋ ಗಡಿಯ ಶಾಲೆಗಳನ್ನೋ ವಿಷಯವಾಗಿ ಎತ್ತಿಕೊಳ್ಳುವುದು ರೂಢಿ. ನಾನು ಕ್ರಿಕೆಟ್ ಎತ್ತಿಕೊಂಡಿದ್ದೇನೆ. ಅದರಲ್ಲೂ ಆಡುವವರಿಗಿಂತ ಹೆಚ್ಚಾಗಿ ನೋಡುವವರನ್ನು. ತೆಲಂಗಾಣದ ಗಡಿಯಲ್ಲಿರುವ ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಹುಡುಗ ‘ನಾನು ಇಂಥವರ ಕಡೆ’ ಎಂದು ಮೊದಲ ಸಲ ಬಾಯಿಬಿಟ್ಟು ಹೇಳುವುದು ಬಹಳ ಮಟ್ಟಿಗೆ ಟಿ.ವಿ. ಮುಂದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಇಲ್ಲವೆ ಇಂಗ್ಲಿಷ್, ಸಂತೆಯಲ್ಲಿ ದಖನಿ ಎಂದು ದಿನವಿಡೀ ಸಲೀಸಾಗಿ ಓಡಾಡುವ ಹುಡುಗ, ಬೆಂಗಳೂರಿಗೂ ಹೈದರಾಬಾದಿಗೂ ಪಂದ್ಯ ಬಿದ್ದ ಸಂಜೆ ಒಂದು ಕಡೆ ಕೂರಲೇಬೇಕಾಗುತ್ತದೆ. ಕೂತ ಮೇಲೆ ಅವನ ಕಣ್ಣಿಗೆ ಏನು ಬೀಳುತ್ತದೆ, ಏನು ಬೀಳುವುದಿಲ್ಲ ಎಂಬುದೇ ಇವತ್ತಿನ ಮಾತು.

ಆಟಗಾರನನ್ನು ಪ್ರೀತಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಮುನಿಸಿಕೊಳ್ಳಲೂ ಬೇಕಿಲ್ಲ. ಆದರೆ ಆ ಪ್ರೀತಿಯೋ ಮುನಿಸೋ ಲೆಕ್ಕ ಬರೆಯಲು ಕೂತರೆ, ಇವನು ಶೂರ, ಅವನು ದಂಡ ಎಂದು ತೀರ್ಪು ಕೊಡತೊಡಗಿದರೆ, ಒಬ್ಬ ಮನುಷ್ಯನ ದುಡಿಮೆಗೆ ಅನ್ಯಾಯವಾಗುತ್ತದೆ. ಆ ಅನ್ಯಾಯ ನಡೆಯುವುದು ನಮ್ಮ ಚಹಾದಂಗಡಿಗಳಲ್ಲಿ, ನಮ್ಮ ಮೊಬೈಲುಗಳಲ್ಲಿ, ನಮ್ಮ ಬಾಯಿಂದ. ಆದ್ದರಿಂದ ಇದನ್ನು ಸಣ್ಣ ವಿಷಯ ಎಂದು ನಾನು ಎಣಿಸಿಲ್ಲ.

ಮೊದಲು ನಮ್ಮ ನೆಲದ ಮಾತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಹಂಚಿಹೋದಾಗ, ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲೂಕು ಮತ್ತು ಜಹೀರಾಬಾದ್ ತಾಲೂಕಿನ ಬಹುಪಾಲು ಮೆದಕ್ ಜಿಲ್ಲೆಗೆ ಹೋದವು. ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳೂ ಆಂಧ್ರದ ಪಾಲಾದವು. ಬೀದರ, ಗುಲಬರ್ಗಾ ಮೈಸೂರು ರಾಜ್ಯ ಸೇರಿದವು. ಅಂದು ಎಳೆದ ಗೆರೆ ಆಟದ ಬಯಲನ್ನೂ ಹಾಯ್ದು ಹೋಯಿತು. ಬೀದರಿನಲ್ಲಿ ಚೆನ್ನಾಗಿ ಬೌಲಿಂಗ್ ಮಾಡುವ ಹುಡುಗ ಬೆಂಗಳೂರಿನ ದಾರಿ ನೋಡಬೇಕು. ಅಲ್ಲಿಂದ ಮೂವತ್ತು ಕಿಲೋಮೀಟರ್ ಆಸುಪಾಸಿನ ಜಹೀರಾಬಾದಿನ ಹುಡುಗ ಹೈದರಾಬಾದಿನ ದಾರಿ ನೋಡಬೇಕು. ಇಬ್ಬರೂ ಒಂದೇ ಝರಾಸಂಗಮದ ಜಾತ್ರೆಗೆ ಹೋಗುವವರು, ಒಬ್ಬರ ಮನೆಗೆ ಇನ್ನೊಬ್ಬರು ಹೆಣ್ಣು ಕೊಟ್ಟು ತಂದವರು. ಆದರೂ ರಣಜಿ ಟ್ರೋಫಿಯಲ್ಲಿ ಎದುರಾಳಿಗಳು.

ಐ.ಪಿ.ಎಲ್. ಬಂದ ಮೇಲೆ ಈ ಎದುರಾಟ ಮನೆಯೊಳಕ್ಕೇ ಬಂತು. 2009ರ ಮೇ 24ರಂದು ಜೊಹಾನ್ಸ್‌ಬರ್ಗಿನಲ್ಲಿ ಫೈನಲ್: ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಒಂದು ಕಡೆ, ಬೆಂಗಳೂರಿನ ರಾಯಲ್ ಚಾಲೆಂಜರ್ಸ್ (ಆರ್.ಸಿ.ಬಿ.) ಇನ್ನೊಂದು ಕಡೆ. ಅನಿಲ್ ಕುಂಬ್ಳೆ 4 ಓವರಿನಲ್ಲಿ 16 ರನ್ ಕೊಟ್ಟು 4 ವಿಕೆಟ್ ಕಿತ್ತರು. ಎದುರಾಳಿ ನಾಯಕ ಗಿಲ್‌ಕ್ರಿಸ್ಟ್ ಸೊನ್ನೆಗೆ ಹೋದದ್ದು ಅವರ ಕೈಯಲ್ಲೇ. ಡೆಕ್ಕನ್ ಮಾಡಿದ್ದು 143. ಬೆಂಗಳೂರು 137ಕ್ಕೆ ನಿಂತು 6 ರನ್ನಿನಿಂದ ಸೋತಿತು. ಸೋತ ತಂಡದ ನಾಯಕ ಕುಂಬ್ಳೆಯವರಿಗೇ ಪಂದ್ಯಶ್ರೇಷ್ಠ ಪ್ರಶಸ್ತಿ ಬಂತು. ಆ ದಿನ ತೀರ್ಪುಗಾರರು ಮಾಡಿದ್ದನ್ನು ನಾನು ಬಹಳ ಸಲ ನೆನೆಯುತ್ತೇನೆ. ಕಪ್ ಯಾರದು ಎಂಬುದು ಒಂದು ಪ್ರಶ್ನೆ, ಆ ರಾತ್ರಿ ಎಲ್ಲರಿಗಿಂತ ಚೆನ್ನಾಗಿ ಆಡಿದವರು ಯಾರು ಎಂಬುದು ಬೇರೆಯೇ ಪ್ರಶ್ನೆ ಎಂದು ಅವರು ಬಗೆದರು. ಅಭಿಮಾನಿ ಎರಡನ್ನೂ ಒಂದೇ ಮಾಡಿಬಿಡುತ್ತಾನೆ.

ಏಳು ವರ್ಷದ ಮೇಲೆ ಅದೇ ಎರಡು ಊರುಗಳಿಗೆ ಮತ್ತೆ ಫೈನಲ್. 2016ರ ಮೇ 29, ಚಿನ್ನಸ್ವಾಮಿ ಕ್ರೀಡಾಂಗಣ. ಹೈದರಾಬಾದಿನ ಸನ್‌ರೈಸರ್ಸ್ 208, ಬೆಂಗಳೂರು 200. ಈ ಪಂದ್ಯದ ಮಾತು ಎತ್ತಿದರೆ ನಮ್ಮ ಕಡೆಯ ಆರ್.ಸಿ.ಬಿ. ಅಭಿಮಾನಿ ಇಂದಿಗೂ ಹೇಳುವ ಹೆಸರು ಒಂದೇ: ಶೇನ್ ವಾಟ್ಸನ್. ನಾಲ್ಕು ಓವರಿನಲ್ಲಿ 61 ರನ್ ಕೊಟ್ಟರು ಎಂಬುದು ನಿಜ, ಅದನ್ನು ಯಾರೂ ಅಳಿಸಲಾರರು. ಆದರೆ ಇನ್ನರ್ಧ ಪಂದ್ಯವನ್ನೂ ನೋಡೋಣ. ಗೇಲ್ ಮತ್ತು ಕೊಹ್ಲಿ 10.3 ಓವರಿನಲ್ಲಿ 114 ಸೇರಿಸಿದ್ದರು. ಉಳಿದದ್ದು 57 ಎಸೆತ, ಬೇಕಾದದ್ದು 95 ರನ್, ಕೈಯಲ್ಲಿ ಒಂಬತ್ತು ವಿಕೆಟ್. ಅಲ್ಲಿಂದ ಸೋಲಲು ಒಬ್ಬ ಬೌಲರ್ ಸಾಲದು. ಡಿವಿಲಿಯರ್ಸ್ 5ಕ್ಕೆ ಔಟಾದರು, ರಾಹುಲ್ 11ಕ್ಕೆ ಹೋದರು. ಡಿವಿಲಿಯರ್ಸ್ ಹೆಸರನ್ನು ಆ ಸೋಲಿನ ಜೊತೆ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಅವರ ಮೇಲಿನ ಪ್ರೀತಿ ಆ 5ನ್ನು ಮರೆಸಿದೆ. ವಾಟ್ಸನ್ ಮೇಲೆ ಅಂಥ ಪ್ರೀತಿ ಇರಲಿಲ್ಲ, ಹಾಗಾಗಿ ಇಡೀ ಸೋಲಿನ ಹೊರೆ ಅವರ ತಲೆಗೆ ಬಿತ್ತು.

ಅಭಿಮಾನಿಯ ಮನಸ್ಸು ಕೆಲಸ ಮಾಡುವುದು ಹೀಗೆ. ಅದು ಸುಳ್ಳನ್ನು ಹುಟ್ಟಿಸುವುದು ಅಪರೂಪ. ನಿಜಗಳಲ್ಲೇ ತನಗೆ ಬೇಕಾದದ್ದನ್ನು ಹೆಕ್ಕಿಕೊಂಡು, ಬೇಡದ್ದನ್ನು ಉದುರಿಸಿಬಿಡುತ್ತದೆ. ಆದ್ದರಿಂದಲೇ ವಾದದಲ್ಲಿ ಅವನನ್ನು ಸೋಲಿಸುವುದು ಕಷ್ಟ. ಅವನು ಹೇಳುವ ಒಂದೊಂದು ಅಂಕಿಯೂ ಸರಿಯಾಗಿಯೇ ಇರುತ್ತದೆ.

ಈಗ ಮೊಹಮ್ಮದ್ ಸಿರಾಜ್ ವಿಷಯಕ್ಕೆ ಬರುತ್ತೇನೆ. ನಮ್ಮ ಗಡಿಯ ಮನಸ್ಸನ್ನು ಇವರಷ್ಟು ಪರೀಕ್ಷೆಗೆ ಒಡ್ಡಿದ ಆಟಗಾರ ಇನ್ನೊಬ್ಬರಿಲ್ಲ. ಹೈದರಾಬಾದಿನವರು, ಆಟೊ ಓಡಿಸುತ್ತಿದ್ದ ತಂದೆಯ ಮಗ. 2017ರಲ್ಲಿ ಸನ್‌ರೈಸರ್ಸ್ ಪರ ಐ.ಪಿ.ಎಲ್. ಆಡಿದರು, 2018ರಿಂದ ಏಳು ಸೀಸನ್ ಬೆಂಗಳೂರಿನ ಅಂಗಿ ತೊಟ್ಟರು. ‘ಕಾಕಾ, ಸಿರಾಜ್ ಯಾರ ಪೈಕಿ?’ ಎಂದು ನಮ್ಮ ಹುಡುಗರು ಕೇಳಿದರೆ ಏನು ಹೇಳುವುದು? ನಮ್ಮ ಮಂದಿ ಕೊಟ್ಟ ಉತ್ತರ ದಿನಕ್ಕೊಂದು. ವಿಕೆಟ್ ಬಿದ್ದ ದಿನ ‘ನಮ್ಮ ಹುಡ್ಗ ನೋಡ್ರಿ’. ರನ್ ಹೋದ ದಿನ ಆರ್.ಸಿ.ಬಿ.ಯವರಿಗೆ ಅವರು ಹೈದರಾಬಾದಿನವರು, ಹೈದರಾಬಾದಿನವರಿಗೆ ಅವರು ಆರ್.ಸಿ.ಬಿ.ಯವರು.

2019ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲೇ ಕೋಲ್ಕತ್ತದ ವಿರುದ್ಧದ ಪಂದ್ಯ. ಸಿರಾಜ್ ಎರಡು ಬೀಮರ್ ಹಾಕಿದ್ದರಿಂದ ಅಂಪೈರ್ ಬೌಲಿಂಗ್ ನಿಲ್ಲಿಸಿದರು, 2.2 ಓವರಿಗೆ 36 ರನ್ ಹೋಗಿತ್ತು. ಆ ದಿನಗಳಲ್ಲಿ ಮಂದಿ ತಮಗೆ ‘ಹೋಗಿ ಅಪ್ಪನ ಜೊತೆ ಆಟೊ ಓಡಿಸು’ ಎಂದು ಹೇಳಿದ್ದನ್ನು ಸಿರಾಜ್ ಅವರೇ ಮುಂದೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಲೆಂತ್ ತಪ್ಪಿತು, ಯಾರ್ಕರ್ ಹಾಕಲು ಹೋಗಿ ಚೆಂಡು ಕೈಜಾರಿತು ಎಂದರೆ ಅದು ಆಟದ ಮಾತು. ಅಪ್ಪನ ಆಟೊ ಎಲ್ಲಿಂದ ಬಂತು? ಬೌಲಿಂಗಿನ ಮೇಲಿನ ಸಿಟ್ಟು ಮನುಷ್ಯನ ಹುಟ್ಟು, ಹೊಟ್ಟೆಪಾಡು, ಊರು ಎಲ್ಲವನ್ನೂ ಬಾಚಿಕೊಂಡಿತು. ನಮ್ಮ ಊರುಗಳಲ್ಲೂ ಆಟೊ ಓಡಿಸುವ ತಂದೆಯರಿದ್ದಾರೆ, ಅವರ ಮಕ್ಕಳೂ ಚೆಂಡು ಹಿಡಿದು ಬಯಲಿಗೆ ಹೋಗುತ್ತಾರೆ. ಅಂಥ ಮಾತನ್ನು ಅವರ ಕಿವಿಗೆ ಬೀಳುವಂತೆ ಆಡುವವರ ಮೇಲೆ ನನಗೆ ತಡೆಯಲಾರದ ಸಿಟ್ಟಿದೆ.

ಅದೇ ಸಿರಾಜ್ 2020ರ ಅಕ್ಟೋಬರಿನಲ್ಲಿ ಅದೇ ಕೋಲ್ಕತ್ತದ ವಿರುದ್ಧ ಅಬುಧಾಬಿಯಲ್ಲಿ ಎರಡು ಮೇಡನ್ ಹಾಕಿ 8 ರನ್ನಿಗೆ 3 ವಿಕೆಟ್ ತೆಗೆದರು. ಮರುತಿಂಗಳು, ಅವರು ಆಸ್ಟ್ರೇಲಿಯಾದಲ್ಲಿದ್ದಾಗ, ತಂದೆ ತೀರಿಕೊಂಡರು. ಸಿರಾಜ್ ಅಲ್ಲೇ ಉಳಿದು ಆಡಿ, ಮೂರು ಟೆಸ್ಟುಗಳಲ್ಲಿ 13 ವಿಕೆಟ್ ಪಡೆದು, ಬ್ರಿಸ್ಬೇನಿನ ಗಾಬಾದಲ್ಲಿ 73ಕ್ಕೆ 5 ಕಿತ್ತು ಮರಳಿದರು. ಹಿಂದಿನ ವರ್ಷ ಬೈದವರೇ ಈಗ ಕಣ್ಣೀರು ಹಾಕಿದರು. ಆ ಕಣ್ಣೀರು ನಿಜವಾದದ್ದೇ. ಆದರೆ ಅದೂ ಅಳತೆಯಲ್ಲ. ತಂದೆಯನ್ನು ಕಳೆದುಕೊಂಡ ಮಗನ ಮೇಲಿನ ಮರುಕ ಬೇರೆ. ಗಾಬಾದ ಪಿಚ್ಚಿನಲ್ಲಿ ಹಳೆಯ ಚೆಂಡಿನಿಂದ ದಣಿಯದೆ ಒಂದೇ ಜಾಗಕ್ಕೆ ಹಾಕುತ್ತಿದ್ದ ಬೌಲರಿನ ಬೆಲೆ ಬೇರೆ. ಮರುಕವಿಲ್ಲದಿದ್ದರೂ ಆ ಐದು ವಿಕೆಟ್ ಐದೇ.

ಇನ್ನೂ ಹತ್ತಿರದಿಂದ ನೋಡಲು ಒಂದು ಕ್ಯಾಚ್ ಸಾಕು. 2025ರ ಆಗಸ್ಟ್ 3, ಭಾನುವಾರ, ಲಂಡನ್ನಿನ ಓವಲ್. ಇಂಗ್ಲೆಂಡಿಗೆ ಗುರಿ 374. ಬೌಲರ್ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ. ಹ್ಯಾರಿ ಬ್ರೂಕ್ 19ರಲ್ಲಿದ್ದಾಗ ಚೆಂಡನ್ನು ಎತ್ತಿ ಹೊಡೆದರು. ಲಾಂಗ್ ಲೆಗ್ಗಿನಲ್ಲಿದ್ದ ಸಿರಾಜ್ ಕ್ಯಾಚ್ ಹಿಡಿದರು; ಅತ್ತ ಪ್ರಸಿದ್ಧ್ ಎರಡೂ ಕೈ ಎತ್ತಿ ಸಂಭ್ರಮಿಸತೊಡಗಿದ್ದರು. ಇತ್ತ ಸಿರಾಜ್ ಕಾಲು ಬೌಂಡರಿ ಹಗ್ಗದ ಮೇಲೆ ಬಿತ್ತು. ಔಟ್ ಆಗಬೇಕಾದದ್ದು ಸಿಕ್ಸರ್ ಆಯಿತು. ಬ್ರೂಕ್ 111 ಹೊಡೆದು ಹೋದರು. ಲೆಕ್ಕ ಹಾಕಿ: ಆ ಒಂದು ಹೆಜ್ಜೆಯ ಬೆಲೆ 92 ರನ್. ಆ ರಾತ್ರಿ ಸಿರಾಜ್ ಬಗ್ಗೆ ಏನೇನು ಮಾತು ಬಂತು ಎಂದು ಇಲ್ಲಿರುವ ಹುಡುಗರಿಗೆ ಗೊತ್ತು. ಮತ್ತೆ ಆಡುವುದು ಬೇಡ.

ಮರುದಿನ ಬೆಳಿಗ್ಗೆ ಇಂಗ್ಲೆಂಡಿಗೆ ಬೇಕಾದದ್ದು 35 ರನ್, ಉಳಿದದ್ದು ನಾಲ್ಕು ವಿಕೆಟ್. ಸಿರಾಜ್ ಸ್ಮಿತ್ ಅವರನ್ನು ತೆಗೆದರು, ಓವರ್ಟನ್ ಅವರನ್ನು ತೆಗೆದರು. ಪ್ರಸಿದ್ಧ್ ಟಂಗ್ ಅವರನ್ನು ಬೌಲ್ಡ್ ಮಾಡಿದರು. ಕೊನೆಗೆ ಗಾಯದ ತೋಳನ್ನು ಪಟ್ಟಿಯಲ್ಲಿ ಕಟ್ಟಿಕೊಂಡು ವೋಕ್ಸ್ ಆ ತುದಿಯಲ್ಲಿ ನಿಂತಿದ್ದಾಗ, ಸಿರಾಜ್ ಯಾರ್ಕರಿನಿಂದ ಅಟ್ಕಿನ್ಸನ್ ಅವರ ಸ್ಟಂಪ್ ಉರುಳಿಸಿದರು. ಭಾರತ 6 ರನ್ನಿನಿಂದ ಗೆದ್ದು ಸರಣಿ 2-2 ಆಯಿತು. ಎರಡೂ ಇನ್ನಿಂಗ್ಸ್ ಸೇರಿ ಸಿರಾಜ್‌ಗೆ 9, ಪ್ರಸಿದ್ಧ್‌ಗೆ 8. ಇಂಗ್ಲೆಂಡಿನ ಬಿದ್ದ 19 ವಿಕೆಟ್‌ಗಳಲ್ಲಿ 17 ಹೈದರಾಬಾದ್ ಮತ್ತು ಬೆಂಗಳೂರಿನ ಈ ಜೋಡಿಯದು. ಐದು ಟೆಸ್ಟುಗಳ ಸರಣಿಯಲ್ಲಿ ಸಿರಾಜ್ ಹಾಕಿದ್ದು 185.3 ಓವರ್, ಪಡೆದದ್ದು 23 ವಿಕೆಟ್.

ಹಗ್ಗ ತುಳಿದ ಎಸೆತಕ್ಕೆ ಹೋದ ರನ್ ಆರು, ಗೆದ್ದ ಅಂತರವೂ ಆರು. ಕೊನೆಯ ಹೊತ್ತಿನಲ್ಲಿ ಬ್ಯಾಟಿನ ಅಂಚಿಗೆ ತಾಗಿದ ಎರಡು ಚೆಂಡು ಬೌಂಡರಿಗೆ ಹೋಗಿದ್ದರೆ ಏನಾಗುತ್ತಿತ್ತು? 185 ಓವರ್ ಅಷ್ಟೇ ಇರುತ್ತಿತ್ತು, ಸಿರಾಜ್ ಅವರ ದಣಿವೂ ಅಷ್ಟೇ ಇರುತ್ತಿತ್ತು. ನಮ್ಮ ಬಾಯಲ್ಲಿ ಮಾತ್ರ ಅವರು ಕ್ಯಾಚ್ ಬಿಟ್ಟವರಾಗಿ ಉಳಿಯುತ್ತಿದ್ದರು. ಅದೇ ಬೌಲರ್, ಅದೇ ಬೌಲಿಂಗ್. ಫಲಿತಾಂಶ ನಮ್ಮ ಮನಸ್ಸಿನಲ್ಲಿ ಎಬ್ಬಿಸಿದ ಖುಷಿಯನ್ನೋ ನೋವನ್ನೋ ನಾವು ಆಟಗಾರನ ಗುಣ ಎಂದು ಬರೆದುಕೊಳ್ಳುತ್ತೇವೆ.

ಹೈದರಾಬಾದ್, ಬೆಂಗಳೂರು ಜೋಡಿ ಎಂದಾಗ ಹಿರಿಯರಿಗೆ 2001ರ ಮಾರ್ಚ್ 14 ನೆನಪಾಗಿರಬೇಕು. ಕೋಲ್ಕತ್ತದಲ್ಲಿ ಫಾಲೋ-ಆನ್ ಪಡೆದ ಭಾರತಕ್ಕೆ ಹೈದರಾಬಾದಿನ ಲಕ್ಷ್ಮಣ್ ಮತ್ತು ಬೆಂಗಳೂರಿನ ದ್ರಾವಿಡ್ ಆ ಇಡೀ ದಿನ ಔಟಾಗದೆ ಆಡಿಕೊಟ್ಟರು. ಬೆಳಿಗ್ಗೆ 4ಕ್ಕೆ 254 ಇದ್ದದ್ದು ಸಂಜೆಗೆ 4ಕ್ಕೆ 589. ಲಕ್ಷ್ಮಣ್ 281, ದ್ರಾವಿಡ್ 180, ಜೊತೆಯಾಟ 376. ನಮ್ಮ ಗಡಿಯಲ್ಲಿ ಈ ದಿನವನ್ನು ಎರಡು ಬಗೆಯಾಗಿ ಹೇಳುವುದನ್ನು ಕೇಳಿದ್ದೇನೆ. ಬೀದರ ಕಡೆಗೆ ಮುಖವಿದ್ದವರು ‘ಆ ತುದಿಯಲ್ಲಿ ದ್ರಾವಿಡ್ ನಿಲ್ಲದಿದ್ದರೆ ಲಕ್ಷ್ಮಣ್ ಏನು ಮಾಡುತ್ತಿದ್ದರು’ ಎನ್ನುತ್ತಾರೆ. ಹೈದರಾಬಾದ್ ಕಡೆಗೆ ಮುಖವಿದ್ದವರು ‘ಹೊಡೆದದ್ದೆಲ್ಲ ಲಕ್ಷ್ಮಣ್, ಅವರು ಬರೀ ನಿಂತಿದ್ದರು’ ಎನ್ನುತ್ತಾರೆ. ನಿಂತವರೂ 180 ಹೊಡೆದಿದ್ದರು ಎಂಬುದನ್ನು ಎರಡನೆಯವರು ಬಿಡುತ್ತಾರೆ; ಮೊದಲ ಇನ್ನಿಂಗ್ಸಿನಲ್ಲಿ ಉಳಿದವರೆಲ್ಲ ಕುಸಿದಾಗ 59 ಹೊಡೆದು ತಾಳಿದ್ದು ಲಕ್ಷ್ಮಣ್ ಎಂಬುದನ್ನು ಮೊದಲನೆಯವರು ಬಿಡುತ್ತಾರೆ. 13 ವಿಕೆಟ್ ಪಡೆದ ಹರಭಜನ್ ಅವರನ್ನು ಇಬ್ಬರೂ ಬಿಡುತ್ತಾರೆ, ಪಂಜಾಬಿನವರು ನೋಡಿ.

ಅಂಕಿಗಳನ್ನು ಮುಂದಿಟ್ಟರೆ ಜಗಳ ಮುಗಿಯುತ್ತದೆ ಎಂದುಕೊಳ್ಳುವಂತಿಲ್ಲ. ಟೆಸ್ಟಿನಲ್ಲಿ ದ್ರಾವಿಡ್ ಸರಾಸರಿ 52ಕ್ಕೆ ಮೇಲೆ, ಲಕ್ಷ್ಮಣ್ ಅವರದು 46ಕ್ಕೆ ಕೂದಲೆಳೆಯಷ್ಟು ಕೆಳಗೆ. ಆದರೆ ಬಾಲಂಗೋಚಿಗಳ ಜೊತೆ ನಿಂತು, ನಾಲ್ಕನೆಯ ಇನ್ನಿಂಗ್ಸಿನ ಬಿರುಕು ಪಿಚ್ಚಿನಲ್ಲಿ ಹೊಡೆದ 50ಕ್ಕೂ, ಮೊದಲ ದಿನದ ಚಪ್ಪಟೆ ಪಿಚ್ಚಿನ 50ಕ್ಕೂ ಸರಾಸರಿಗೆ ಭೇದವಿಲ್ಲ. ಅಂಕಿಯನ್ನು ಸಂದರ್ಭದಲ್ಲಿಟ್ಟು ಓದಬೇಕು. ಅಲ್ಲೇ ಅಭಿಮಾನ ಮತ್ತೆ ಒಳನುಸುಳುತ್ತದೆ: ತನ್ನವನಿಗಾದರೆ ಸಂದರ್ಭ ಹೇಳುತ್ತದೆ, ಪರರವನಿಗೆ ಬರೀ ಅಂಕಿ ಹೇಳುತ್ತದೆ.

ಕೆ.ಎಲ್. ರಾಹುಲ್ ಅವರ ವಿಷಯದಲ್ಲಿ ಇದು ತಿರುಗುಮುರುಗಾಗಿ ನಡೆದಿದೆ. 2023ರ ನವೆಂಬರ್ 19ರ ವಿಶ್ವಕಪ್ ಫೈನಲಿನಲ್ಲಿ ಅವರು 107 ಎಸೆತಕ್ಕೆ 66 ಹೊಡೆದರು, ಬೌಂಡರಿ ಒಂದೇ. ಭಾರತ 240ಕ್ಕೆ ಆಲೌಟಾಗಿ ಸೋತಿತು. ‘ರಾಹುಲ್ ಕುಟ್ಟುತ್ತಾ ಕೂತು ಕಪ್ ಕಳೆದರು’ ಎಂಬ ಮಾತು ಕನ್ನಡಿಗರ ಬಾಯಲ್ಲೇ ಹೆಚ್ಚು ಕೇಳಿದೆ. ಅವರು ಬಂದಾಗ 81ಕ್ಕೆ 3 ಬಿದ್ದಿತ್ತು, ಹಳೆಯ ಚೆಂಡು ಬ್ಯಾಟಿಗೆ ಬರುತ್ತಿರಲಿಲ್ಲ, ಮೊದಲ ಹತ್ತು ಓವರ್ ಮುಗಿದ ಮೇಲೆ ಇಡೀ ತಂಡ ಹೊಡೆದ ಬೌಂಡರಿಗಳೇ ನಾಲ್ಕು. ಇನ್ನೂ ವೇಗವಾಗಿ ಆಡಬಹುದಿತ್ತೆ? ಆಡಬಹುದಿತ್ತು, ಅದರಲ್ಲೂ ನಡುವಿನ ಓವರುಗಳಲ್ಲಿ. ಹಾಗೆಂದು ಟೀಕಿಸುವುದು ನ್ಯಾಯವೇ. ಆದರೆ ಅದೇ ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಪಂದ್ಯ, ಅಕ್ಟೋಬರ್ 8, ಚೆನ್ನೈ: ಸುಮಾರು ಐವತ್ತು ಓವರ್ ಕೀಪಿಂಗ್ ಮಾಡಿ ಬಂದು, 2 ರನ್ನಿಗೆ 3 ವಿಕೆಟ್ ಬಿದ್ದಾಗ ಇಳಿದು, 115 ಎಸೆತಕ್ಕೆ ಔಟಾಗದೆ 97 ಹೊಡೆದು ಗೆಲ್ಲಿಸಿದ್ದು ಇದೇ ರಾಹುಲ್. ಎರಡೂ ದಿನ ಅವರು ಮಾಡಿದ್ದು ಒಂದೇ ಬಗೆಯ ಕೆಲಸ, ಬಿದ್ದ ಮನೆಗೆ ಕಂಬ ಕೊಡುವುದು. ಒಂದು ದಿನ ಗುರಿ 200 ಇತ್ತು, ಸಾಲುವಷ್ಟಾಯಿತು. ಇನ್ನೊಂದು ದಿನ ಗುರಿ ಎಷ್ಟೆಂದು ಯಾರಿಗೂ ತಿಳಿದಿರಲಿಲ್ಲ.

ರಾಹುಲ್ ಬೆಂಗಳೂರಿನ ತಂಡದಲ್ಲಿಲ್ಲ ಎಂಬುದೂ ಈ ಮುನಿಸಿನ ಹಿಂದೆ ಇದೆ ಎಂದು ನನಗೆ ಅನಿಸುತ್ತದೆ. 2025ರ ಏಪ್ರಿಲ್ 10ರಂದು ಡೆಲ್ಲಿ ತಂಡದಲ್ಲಿದ್ದು, ಚಿನ್ನಸ್ವಾಮಿಯಲ್ಲೇ 53 ಎಸೆತಕ್ಕೆ ಔಟಾಗದೆ 93 ಹೊಡೆದು, ನೆಲದ ಮೇಲೆ ಬ್ಯಾಟಿನಿಂದ ವೃತ್ತ ಎಳೆದು ಇದು ನನ್ನ ಮೈದಾನ ಎಂದು ತೋರಿಸಿದರು. ಅಂದು ಕನ್ನಡದ ಅಭಿಮಾನಿ ಎರಡಾಗಿ ಸೀಳಿಹೋದ. ಮಂಗಳೂರಿನಲ್ಲಿ ಬೆಳೆದ ಹುಡುಗ ಬೆಂಗಳೂರಿನಲ್ಲಿ ನಿಂತು ಹಾಗೆನ್ನುವುದನ್ನು ನೋಡಿ ಹಿಗ್ಗಬೇಕೆ, ಆರ್.ಸಿ.ಬಿ. ಸೋತದ್ದಕ್ಕೆ ಕುಗ್ಗಬೇಕೆ? ಈ ಇಬ್ಬಂದಿಯನ್ನು ಆ ಅಭಿಮಾನಿಗಳು ಅಂದು ಹೊಸದಾಗಿ ಅನುಭವಿಸಿದರು. ನಾವು ಇಲ್ಲಿ 2009ರಿಂದ ಅನುಭವಿಸುತ್ತಿದ್ದೇವೆ.

ಬರೀ ಬೈಯುವುದಷ್ಟೇ ತಪ್ಪು ಅಳತೆಯಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಬಗೆಯದೂ ಇದೆ. ಕರ್ನಾಟಕದ ಕರುಣ್ ನಾಯರ್ 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಔಟಾಗದೆ 303 ಹೊಡೆದರು. ಮುಂದಿನ ಟೆಸ್ಟ್ ನಡೆದದ್ದು ನಮ್ಮ ಹೈದರಾಬಾದಿನಲ್ಲಿ, 2017ರ ಫೆಬ್ರವರಿಯಲ್ಲಿ, ಬಾಂಗ್ಲಾದೇಶದ ವಿರುದ್ಧ. ತ್ರಿಶತಕ ಹೊಡೆದವರು ಹೊರಗೆ ಕೂತರು. ಆಸ್ಟ್ರೇಲಿಯಾ ವಿರುದ್ಧ ನಾಲ್ಕು ಇನ್ನಿಂಗ್ಸ್ ಸಿಕ್ಕಿತು: 26, 0, 23, 5. ಆಮೇಲೆ ಎಂಟು ವರ್ಷ ಟೆಸ್ಟ್ ತಂಡದಲ್ಲಿ ಜಾಗವಿಲ್ಲ. ಇದು ಅನ್ಯಾಯ ಎಂದು ಕನ್ನಡಿಗರು ಕೂಗಿದ್ದು ಸರಿಯಾಗಿಯೇ ಇತ್ತು. ಅವರು ವಿದರ್ಭಕ್ಕೆ ಹೋಗಿ ರನ್ ರಾಶಿ ಹಾಕಿ, 2025ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಎಂಟು ಇನ್ನಿಂಗ್ಸಿನಲ್ಲಿ 205 ರನ್, ಅರ್ಧಶತಕ ಒಂದು. ಆಮೇಲೆ ಕೈಬಿಟ್ಟಾಗ ಮತ್ತೆ ಅದೇ ಕೂಗು ಎದ್ದಿತು. ಈ ಸಲ ಆ ಕೂಗಿಗೆ ಮೊದಲಿನ ಬಲವಿರಲಿಲ್ಲ. ಹಿಂದಿನ ಅನ್ಯಾಯದ ಮೇಲಿನ ನಮ್ಮ ನೋವು ಹೊಸ ಅಂಕಿಗಳನ್ನು ಓದಲು ಬಿಡಲಿಲ್ಲ. ಕರುಣ್ ಮೇಲಿನ ನನ್ನ ಅಕ್ಕರೆ ಇದನ್ನು ಹೇಳುವುದರಿಂದ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ನಮ್ಮ ಹಿಂದಿನ ತಲೆಮಾರಿಗೆ ಇಂಥ ಅಕ್ಕರೆ ಜಿ.ಆರ್. ವಿಶ್ವನಾಥ್ ಮೇಲಿತ್ತು. 1975ರ ಜನವರಿಯಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಬೆಂಕಿಯಂತೆ ಎಸೆಯುತ್ತಿದ್ದಾಗ, ತಂಡದ 190ರಲ್ಲಿ ಅವರೊಬ್ಬರೇ ಔಟಾಗದೆ 97 ಹೊಡೆದ ಮದರಾಸಿನ ಇನ್ನಿಂಗ್ಸನ್ನು ರೇಡಿಯೊದಲ್ಲಿ ಕೇಳಿದವರು ಇಲ್ಲಿಯೂ ಇರಬಹುದು. 1980ರ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ನಾಯಕರಾಗಿದ್ದ ವಿಶ್ವನಾಥ್, ಅಂಪೈರ್ ಔಟ್ ಕೊಟ್ಟಿದ್ದ ಬಾಬ್ ಟೇಲರ್ ಅವರನ್ನು ಮರಳಿ ಕರೆದರು. 58ಕ್ಕೆ 5 ಆಗಿದ್ದ ಇಂಗ್ಲೆಂಡಿಗೆ ಬಾಥಮ್ ಮತ್ತು ಟೇಲರ್ 171 ಸೇರಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ನಮ್ಮವರು ಇದನ್ನು ದೊಡ್ಡತನದ ಕತೆಯಾಗಿ ಹೇಳುತ್ತಾರೆ. ದೊಡ್ಡತನವೇ ಹೌದು, ನಾನೂ ಹಾಗೆಯೇ ಹೇಳುತ್ತೇನೆ. ಆದರೆ ಅದೇ ಕೆಲಸವನ್ನು ನಮಗೆ ಒಲ್ಲದ ನಾಯಕರೊಬ್ಬರು ಮಾಡಿ ಪಂದ್ಯ ಸೋತಿದ್ದರೆ, ದೊಡ್ಡತನ ಎನ್ನುತ್ತಿದ್ದೆವೆ, ದಡ್ಡತನ ಎನ್ನುತ್ತಿದ್ದೆವೆ?

ಇದು ನಮ್ಮೂರಿನ ರೋಗ ಮಾತ್ರ ಅಲ್ಲ. ಅಮೆರಿಕದ ಬೇಸ್‌ಬಾಲಿನಲ್ಲಿ ವರ್ಷದ ಶ್ರೇಷ್ಠ ಆಟಗಾರನನ್ನು ಪತ್ರಕರ್ತರು ಮತ ಹಾಕಿ ಆರಿಸುತ್ತಾರೆ. 1947ರಲ್ಲಿ ಬಾಸ್ಟನ್ನಿನ ಟೆಡ್ ವಿಲಿಯಮ್ಸ್ ಬ್ಯಾಟಿಂಗಿನ ಮೂರು ಮುಖ್ಯ ಲೆಕ್ಕಗಳಲ್ಲೂ ತಮ್ಮ ಲೀಗಿಗೇ ಮೊದಲಿಗರಾಗಿದ್ದರು. ಆದರೂ ಪ್ರಶಸ್ತಿ ನ್ಯೂಯಾರ್ಕಿನ ಜೋ ಡಿಮಾಜಿಯೊ ಪಾಲಾಯಿತು, 202ಕ್ಕೆ 201, ಒಂದೇ ಅಂಕದ ಅಂತರ. ಡಿಮಾಜಿಯೊ ತಂಡ ಆ ವರ್ಷ ಗೆದ್ದಿತ್ತು ಎಂಬುದು ಒಂದು ಕಾರಣ. ವಿಲಿಯಮ್ಸ್ ಪತ್ರಕರ್ತರೊಂದಿಗೆ ಸದಾ ಜಗಳವಾಡುತ್ತಿದ್ದವರು ಎಂಬುದನ್ನೂ ಮರೆಯುವಂತಿಲ್ಲ. ಅದೇ ದೇಶದಲ್ಲಿ 1951ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಮತ್ತು ಡಾರ್ಟ್‌ಮತ್ ಕಾಲೇಜಿನ ನಡುವೆ ಒರಟಾದ ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದು ನಡೆಯಿತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರು ಅದರ ಫಿಲಂ ಅನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಗುರುತು ಹಾಕಿರಿ ಎಂದರು. ಡಾರ್ಟ್‌ಮತ್ ಆಟಗಾರರ ತಪ್ಪುಗಳು ಅವರದೇ ವಿದ್ಯಾರ್ಥಿಗಳಿಗೆ ಸರಾಸರಿ 4.3 ಕಂಡವು; ಪ್ರಿನ್ಸ್‌ಟನ್ನಿನವರಿಗೆ 9.8. ನೋಡಿದ್ದು ಒಂದೇ ಫಿಲಂ. ಯಾರೂ ಬೇಕೆಂದು ಸುಳ್ಳು ಹೇಳಲಿಲ್ಲ. ಅವರವರ ಕಣ್ಣಿಗೆ ನಿಜವಾಗಿಯೂ ಅಷ್ಟೇ ಕಂಡಿತ್ತು.

ಕ್ರಿಕೆಟ್ ಆಡಳಿತಕ್ಕೆ ಈ ಸತ್ಯ ತಡವಾಗಿ ಹೊಳೆಯಿತು. 1986ರ ನವೆಂಬರಿನಲ್ಲಿ ಲಾಹೋರಿನಲ್ಲಿ ಪಾಕಿಸ್ತಾನ ಮತ್ತು ವೆಸ್ಟ್ ಇಂಡೀಸ್ ಟೆಸ್ಟಿಗೆ ಹೊರಗಿನ ದೇಶದ ಅಂಪೈರುಗಳನ್ನು ಕರೆಸಿದರು. ನಿಂತವರು ಭಾರತದ ಪೀಲೂ ರಿಪೋರ್ಟರ್ ಮತ್ತು ಹೈದರಾಬಾದಿನ ವಿ.ಕೆ. ರಾಮಸ್ವಾಮಿ. 1994ರಿಂದ ಪ್ರತಿ ಟೆಸ್ಟಿಗೆ ಒಬ್ಬ, 2002ರಿಂದ ಇಬ್ಬರೂ ತಟಸ್ಥ ದೇಶದವರೇ ಆಗಬೇಕೆಂಬ ನಿಯಮ ಬಂತು. ಅಂಪೈರುಗಳೆಲ್ಲ ಮೋಸಗಾರರು ಎಂದು ಯಾರೂ ಹೇಳಲಿಲ್ಲ. ಒಳ್ಳೆಯವನ ಕಣ್ಣೂ ತನ್ನವರ ಕಡೆಗೆ ಒಂದಿಷ್ಟು ವಾಲುತ್ತದೆ ಎಂದು ಒಪ್ಪಿಕೊಂಡರು, ಅಷ್ಟೇ.

ನಮ್ಮ ಊರ ಆಟದಲ್ಲಿ ಇದರ ತದ್ವಿರುದ್ಧ ನಡೆಯುತ್ತಿದೆ. ತೊಗರಿ ಕೊಯ್ದ ಹೊಲದಲ್ಲಿ, ಶಾಲೆಯ ಬಯಲಿನಲ್ಲಿ ಟೆನ್ನಿಸ್ ಚೆಂಡಿನ ಪಂದ್ಯ ನಡೆಯುವಾಗ ಅಂಪೈರ್ ಯಾರು? ಬ್ಯಾಟಿಂಗ್ ತಂಡದವನೇ. ಅವನೇ ಈಗಷ್ಟೇ ಔಟಾಗಿ ಬಂದವನು, ಇಲ್ಲವೆ ಮುಂದೆ ಹೋಗಬೇಕಾದವನು. ಎಲ್.ಬಿ.ಡಬ್ಲ್ಯು. ಇಲ್ಲವೇ ಇಲ್ಲ, ಏಕೆಂದರೆ ಕೊಡುವವರು ಯಾರೂ ಇಲ್ಲ. ರನೌಟ್ ಆದರೆ ‘ಡೌಟ್ ಅದ, ಬ್ಯಾಟ್ಸ್‌ಮನ್ನಿಗೆ ಬಿಡ್ರಿ’. ವೈಡ್ ಕೊಡುವಾಗ ಎರಡೂ ಕೈ ತಾವಾಗಿ ಅಗಲವಾಗುತ್ತವೆ. ಸ್ಕೋರ್ ಬರೆಯುವವನು ಅಂಪೈರನ ಗೆಳೆಯ. ಬರೆಯುವುದು ಹಳೆಯ ನೋಟಬುಕ್ಕಿನ ಕೊನೆಯ ಹಾಳೆಯಲ್ಲಿ, ರನ್ ಮಾತ್ರ. ಬೌಲರನ ಲೆಕ್ಕ ಇಲ್ಲ, ಎಸೆತಗಳ ಲೆಕ್ಕ ಇಲ್ಲ. ಪಂದ್ಯ ಮುಗಿದು ವಾರ ಕಳೆದ ಮೇಲೆ ಯಾರು ಹೇಗೆ ಆಡಿದರು ಎಂದರೆ ಎಲ್ಲರಿಗೂ ಅವರವರ ಗೆಳೆಯ ಹೊಡೆದ ಸಿಕ್ಸರ್ ಮಾತ್ರ ನೆನಪಿರುತ್ತದೆ. ಬಡ ಮನೆಯ ಹುಡುಗನೊಬ್ಬ ಮೂರು ಓವರ್ ಬಿಗಿಯಾಗಿ ಹಾಕಿದ್ದರೆ ಅದು ಎಲ್ಲೂ ಉಳಿಯುವುದಿಲ್ಲ. ನಾಳೆ ಸಂಗಾರೆಡ್ಡಿಗೋ ಹೈದರಾಬಾದಿಗೋ ಆಯ್ಕೆಗೆ ಹೋದರೆ ತೋರಿಸಲು ಅವನ ಕೈಯಲ್ಲಿ ಏನೂ ಇರುವುದಿಲ್ಲ. ಅವನ ಪರ ಮಾತಾಡುವ ದೊಡ್ಡ ಗೆಳೆಯರ ಗುಂಪೂ ಇರುವುದಿಲ್ಲ.

ಅದಕ್ಕಾಗಿ ಈ ದತ್ತಿ ಇಟ್ಟ ಮನೆತನದ ಹಿರಿಯರಲ್ಲಿ ಒಂದು ಬೇಡಿಕೆ ಇಟ್ಟು ಮುಗಿಸುತ್ತೇನೆ. ಮುಂದಿನ ಸಂಕ್ರಾಂತಿಯ ಪಂದ್ಯಾವಳಿಗೆ ಬಹುಮಾನದ ಕಪ್ ಒಂದಿಷ್ಟು ಸಣ್ಣದಾದರೂ ಪರವಾಗಿಲ್ಲ, ಆ ದುಡ್ಡಿನಲ್ಲಿ ಅಚ್ಚಾದ ಸ್ಕೋರ್ ಪುಸ್ತಕ ತರಿಸಿ. ನಮ್ಮ ಮನೂರಿನ ಪಂದ್ಯಕ್ಕೆ ನಾರಾಯಣಖೇಡದವರು, ಜಹೀರಾಬಾದಿನ ಪಂದ್ಯಕ್ಕೆ ತಾಂಡೂರಿನವರು ಅಂಪೈರ್ ನಿಲ್ಲಲಿ. ಬಸ್ಸಿನ ಖರ್ಚು, ಮಧ್ಯಾಹ್ನದ ಊಟ ಕೊಡೋಣ. ಶಾಲೆಯ ಹೆಣ್ಣುಮಕ್ಕಳಲ್ಲಿ ಲೆಕ್ಕದಲ್ಲಿ ಚುರುಕಾದವರನ್ನು ಸ್ಕೋರರ್ ಆಗಿ ಕೂರಿಸಿ, ಇಬ್ಬಿಬ್ಬರನ್ನು, ಒಂದೊಂದು ತಂಡದ ಊರಿನಿಂದ ಒಬ್ಬೊಬ್ಬರನ್ನು. ಓವರ್ ಮುಗಿದಾಗಲೆಲ್ಲ ಇಬ್ಬರೂ ತಾಳೆ ನೋಡಿಕೊಳ್ಳಲಿ. ಅಚ್ಚಿನ ಪುಸ್ತಕದಲ್ಲಿ ಇಲ್ಲದ ಒಂದು ಕಾಲಮ್ಮನ್ನು ಪೆನ್ನಿನಿಂದ ಗೆರೆ ಎಳೆದು ಸೇರಿಸಿಕೊಳ್ಳಿ: ಬಿಟ್ಟ ಕ್ಯಾಚು, ಯಾರ ಎಸೆತದಲ್ಲಿ, ಬ್ಯಾಟ್ಸ್‌ಮನ್ ಎಷ್ಟರಲ್ಲಿದ್ದಾಗ. ಕ್ಯಾಚ್ ಬಿಟ್ಟವನ ಹೆಸರು ಬರೆಯುವುದು ಬೇಡ. ಬೌಲರನ ಹೆಸರು ಬರೆದರೆ ಸಾಕು, ಅವನಿಗೆ ಸಲ್ಲಬೇಕಾದದ್ದು ಅಲ್ಲಿ ಉಳಿಯುತ್ತದೆ.